ಮೊದಲ ಕೊಳಗ

"ಕಾಲು ಜಾರಿ ಅಂತ ಬರೀರಿ ಸುಬ್ಬರಾಮಯ್ನೋರೇ. ಬಲಗಾಲೋ ಎಡಗಾಲೋ ಅಂತ ಹೇಳಾಕೆ ಹೆಣ ಏನು ಎದ್ದು ಬತ್ತದಾ?" ಎಂದರು ಪಟೇಲ ಕಲ್ಲೇಶಪ್ಪನವರು.

ಬರೆದೆ. ಶಾನುಭೋಗನಾದವನಿಗೆ ಬರೆಯುವುದೇ ಕೆಲಸ. ಹಗರೆಯಿಂದ ಎರಡು ಮೈಲಿ ಒಳಗಿರುವ ನಮ್ಮ ಹಳ್ಳಿಯಲ್ಲಿ ಹುಟ್ಟಿದವರನ್ನೂ ಸತ್ತವರನ್ನೂ ಇಪ್ಪತ್ತು ವರ್ಷ ಬರೆದಿದ್ದೇನೆ. ಬಾವಿಗೆ ಬಿದ್ದು ಸತ್ತವನ ಮಹಜರು ಬರೆದದ್ದು ಮಾತ್ರ ಐವತ್ತೇಳನೇ ಇಸವಿಯ ಜನವರಿಯಲ್ಲಿ, ಅದೊಂದೇ ಸಲ. ಬೇಲೂರಿನಿಂದ ಸೈಕಲ್ಲಿನಲ್ಲಿ ಬಂದಿದ್ದ ಸಬ್ ಇನ್ಸ್‌ಪೆಕ್ಟರು ದಾರಿಯಲ್ಲಿ ಬಿದ್ದು ಬಲಗೈ ಉಳುಕಿಸಿಕೊಂಡಿದ್ದರು. ಹಾಗಾಗಿ ಅವರು ಕೇಳುವುದು, ನಾನು ಬರೆಯುವುದು, ಸಾಕ್ಷಿಗೆ ಕೂತ ಐದು ಜನ ಪಂಚರು ತಲೆಯಾಡಿಸುವುದು ಎಂದಾಯಿತು.

ಸತ್ತವನು ಜವರಯ್ಯ. ತೋಟದ ಬಾವಿಯ ಪಕ್ಕ ಈಚಲು ಚಾಪೆಯ ಮೇಲೆ ಮಲಗಿಸಿದ್ದರು. ತಲೆಯ ಹಿಂದೆ ದೊಡ್ಡ ಗಾಯ. ಬೀಳುವಾಗ ಮೆಟ್ಟಿಲ ಕಲ್ಲು ತಗುಲಿರಬೇಕು ಎಂದ ಅವನ ತಮ್ಮ ಚನ್ನಪ್ಪ. ಬೆಳಿಗ್ಗೆ ಹೆಣವನ್ನು ಮೊದಲು ಕಂಡವನೂ ಅವನೇ, ಬಾವಿಗಿಳಿದು ಎತ್ತಿದವನೂ ಅವನೇ. ಅಣ್ಣತಮ್ಮಂದಿರು ಪಾಲಾಗಿ ಎರಡು ವರ್ಷವಾಗಿತ್ತು. ಹೊಲ ಬೇರೆ, ಒಲೆ ಬೇರೆ. ರಾಗಿ ಒಕ್ಕುವ ಕಣ ಮಾತ್ರ ಒಂದೇ.

ಚನ್ನಪ್ಪ ಅಂದು ಎಲ್ಲರಿಗೂ ಎಳನೀರು ಕೆತ್ತಿಸಿದ್ದ. ನನ್ನದನ್ನು ತಾನೇ ತಂದು ಕೈಗಿತ್ತ. ಅಣ್ಣ ಬಾವಿಗೆ ಹೋದದ್ದು ಎಷ್ಟು ಹೊತ್ತಿಗೆ ಎಂದು ಇನ್ಸ್‌ಪೆಕ್ಟರು ಕೇಳಿ ಮುಗಿಸುವ ಮೊದಲೇ ಉತ್ತರ ಬಂತು. ಹೂಳುವ ಗುಂಡಿಯನ್ನೂ ಪೊಲೀಸಿನವರು ಬರುವ ಮುಂಚೆಯೇ ತೋಡಿಸಿದ್ದ. ದುಃಖದಲ್ಲಿ ಅಷ್ಟು ಅಚ್ಚುಕಟ್ಟಾಗಿ ಇರುವವರನ್ನು ನಾನು ಕಂಡವನಲ್ಲ. ಆದರೆ ಅಚ್ಚುಕಟ್ಟನ್ನು ಮಹಜರಿನಲ್ಲಿ ಬರೆಯಲು ಜಾಗವಿಲ್ಲ.

ಜವರಯ್ಯನ ಹೆಂಡತಿ ಗಿಡ್ಡಮ್ಮ ಬೆಳಿಗ್ಗೆಯಿಂದ ಒಂದೇ ಮಾತು ಆಡಿದ್ದಳು: ಬೇಲೂರು ಆಸ್ಪತ್ರೆಗೆ ಸಾಗಿಸಿ, ಡಾಕ್ಟರು ಒಂದು ಸಲ ನೋಡಲಿ. ಪಂಚರು ಐವರೂ ಆಕಸ್ಮಿಕ ಎಂದು ಹೆಬ್ಬೆಟ್ಟು ಒತ್ತಿಕೊಟ್ಟರೆ ಹೆಣ ನೇರ ಗುಂಡಿಗೆ. ಒಬ್ಬನಾದರೂ ಅನುಮಾನ ಎಂದರೆ ಬೇಲೂರಿಗೆ. ಇಷ್ಟನ್ನು ಯಾರು ಹೇಳಿದರೋ, ಅವಳು ತಿಳಿದುಕೊಂಡಿದ್ದಳು. ಗಾಡಿಯನ್ನೂ ತರಿಸಿ ತೆಂಗಿನ ಮರದಡಿ ನಿಲ್ಲಿಸಿದ್ದಳು. ಗಂಡನ ಹೆಣ ಕೊಯ್ಯಿಸಬೇಕೆನ್ನುವ ಇವಳು ಎಂಥ ಹೆಂಗಸು ಎಂದು ಹೆಂಗಸರೇ ಆಡಿಕೊಂಡರು.

ಚನ್ನಪ್ಪ ಇನ್ಸ್‌ಪೆಕ್ಟರ ಕಾಲು ಹಿಡಿದುಕೊಂಡ. "ಕೊಯ್ಸಬ್ಯಾಡಿ ಸ್ವಾಮಿ. ಹುಟ್ಟಿದಾಗ್ಲಿಂದ ಯಾರ ಕೈಲೂ ಒಂದೇಟು ತಿಂದೋನಲ್ಲ ನಮ್ಮಣ್ಣ."

ಆ ಮಾತು ಕೇಳಿ ನನ್ನ ಕಣ್ಣು ತಾನಾಗಿಯೇ ಚಾಪೆಯ ಕಡೆಗೆ, ಆ ತಲೆಯ ಕಡೆಗೆ ಹೋಯಿತು. ಮರುಕ್ಷಣ ನಾಚಿಕೆಯೂ ಆಯಿತು. ಅಳುವವನ ಮೇಲೆ ಅನುಮಾನ ಪಡುವುದು ಒಳ್ಳೆಯ ಬುದ್ಧಿಯಲ್ಲ ಎಂದುಕೊಂಡು ಲೇಖನಿ ಅದ್ದಿದೆ.

ಬರೆದದ್ದನ್ನು ಓದಿ ಹೇಳಿ ಒಪ್ಪಿಸಬೇಕು. ಚನ್ನಪ್ಪನ ಹೇಳಿಕೆಯನ್ನು ಓದಿದೆ. ನಿನ್ನೆ ಮಧ್ಯಾಹ್ನದಿಂದ ನಾವಿಬ್ಬರೂ ಕಣದಲ್ಲಿ ರಾಗಿ ಅಳೆಯುತ್ತಿದ್ದೆವು. ಒಂದು, ಎರಡು ಎಂದು ಎಣಿಸುತ್ತ ನಾನು ಅಳೆದೆ, ಅಣ್ಣ ಚೀಲ ಹಿಡಿದ. ಹನ್ನೊಂದು ಕೊಳಗವಾದ ಮೇಲೆ ಕೈಕಾಲು ತೊಳೆದು ಬರುತ್ತೇನೆಂದು ಅಣ್ಣ ಬಾವಿಗೆ ಹೋದ. ನಾನು ಮನೆಗೆ ಹೋದೆ.

ಪಂಚರಲ್ಲಿ ಹಿರಿಯ ಲಕ್ಕಪ್ಪ ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು, ಅದು ಪಂಚೆಗೆ ತಾಗದಂತೆ ಮೇಲೆತ್ತಿ ಹಿಡಿದು ಕೂತಿದ್ದ. ಕಿವಿ ಸ್ವಲ್ಪ ಮಂದ. ಇನ್ನೊಂದು ಸಲ ಓದಿಸಿದ.

"ಒಂದು ಅಂದೋನು ನೀನೇನ್ಲಾ, ಇಲ್ಲಾ ಶಾನುಭೋಗ್ರ ಲೇಖನೀನಾ?" ಎಂದು ಚನ್ನಪ್ಪನನ್ನು ಕೇಳಿದ.

ಇನ್ಸ್‌ಪೆಕ್ಟರು ನನ್ನ ಮುಖ ನೋಡಿದರು. ವಿವರಿಸಿದೆ: ನಮ್ಮ ಕಡೆ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಯಾರೂ ಒಂದು ಎನ್ನುವುದಿಲ್ಲ. ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು.

"ನಾನೇ ಅಂದೆ ಕಣ್ ಮಾವ. ಪೊಲೀಸ್ನೋರ ಮುಂದೆ ಲಾಭ ಅಂದ್ರೆ ಏನು ತಿಳ್ಕತಾರೆ?" ಎಂದ ಚನ್ನಪ್ಪ.

ಎಲ್ಲರೂ ನಕ್ಕರು. ಮಾತು ಸರಿಯಾಗಿಯೇ ಇತ್ತು. ಪಟೇಲರು ಕಾಗದವನ್ನು ಲಕ್ಕಪ್ಪನ ಮುಂದೆ ಸರಿಸಿದರು. ಲಕ್ಕಪ್ಪನೂ ನಕ್ಕ. ಆದರೆ ಹೆಬ್ಬೆಟ್ಟು ಕೆಳಗಿಳಿಯಲಿಲ್ಲ.

"ಸರಿ ಕಣಪ್ಪ. ರಾಶಿ ಮೇಲಿನ ಬೆನವನ್ನ ಎಲ್ಲಿ ಇಟ್ಟೆ?"

ಬೆಳಗಿನಿಂದ ಮೊದಲ ಬಾರಿಗೆ ಚನ್ನಪ್ಪನ ಉತ್ತರ ತಡವಾಯಿತು. "ಪಕ್ಕಕ್ಕೆ ಎತ್ತಿಟ್ಟೆ," ಎಂದ.

ಕಣ ಎರಡು ಹೊಲದಾಚೆ. ಎಲ್ಲರೂ ಹೋದೆವು. ಗಿಡ್ಡಮ್ಮನೂ ಹಿಂದೆ ಬಂದಳು. ಕಣದ ಅಂಚಿನಲ್ಲಿ ಒಬ್ಬೊಬ್ಬರಾಗಿ ಮೆಟ್ಟು ಬಿಟ್ಟೆವು. ಇನ್ಸ್‌ಪೆಕ್ಟರು ಕೂಡ ಏನೂ ಕೇಳದೆ ಬೂಟು ಬಿಚ್ಚಿದರು. ನಡುವೆ ರಾಗಿ ರಾಶಿ ಗೋಪುರದ ಹಾಗೆ ನಿಂತಿತ್ತು. ತುದಿಯಲ್ಲಿ ಬೆನವ, ಎಂದರೆ ರಾಶಿ ಕಾಯುವ ಸಗಣಿಯ ಗಣಪ, ಮೊನ್ನೆ ಪೂಜೆಯಲ್ಲಿ ಸಿಕ್ಕಿಸಿದ ಗರಿಕೆಯನ್ನು ತಲೆಯ ಮೇಲೆ ಹೊತ್ತು, ಕೂತಲ್ಲೇ ಕೂತಿದ್ದ. ರಾಶಿಯ ಸುತ್ತ ಎಳೆದ ಬೂದಿಯ ಗೆರೆ ಎಲ್ಲಿಯೂ ಕಡಿದಿರಲಿಲ್ಲ.

ಚನ್ನಪ್ಪ ಕಣದೊಳಗೆ ಬರಲೇ ಇಲ್ಲ. ಮೆಟ್ಟಿನ ಜೊತೆ ಅಂಚಿನಲ್ಲೇ ನಿಂತಿದ್ದ.

"ಇದರಲ್ಲಿ ನಾನು ನೋಡಬೇಕಾದ್ದು ಏನ್ರೀ?" ಎಂದರು ಇನ್ಸ್‌ಪೆಕ್ಟರು.

"ಬೆನವನ್ನ ಇಳಿಸ್ದೆ ರಾಶಿಗೆ ಯಾರೂ ಕೈ ಹಾಕಾಕಿಲ್ಲ ಸ್ವಾಮಿ," ಎಂದ ಲಕ್ಕಪ್ಪ. "ಈ ರಾಶೀಲಿ ಒಂದೂ ಅಳೆದಿಲ್ಲ, ಲಾಭಾನೂ ಅಳೆದಿಲ್ಲ. ನಿನ್ನೆ ಮಧ್ಯಾಹ್ನದಿಂದ ಇವರಿಬ್ರೂ ಎಲ್ಲಿದ್ರು ಅಂತ ಬರೆಸ್ಕಳಿ, ಆಮೇಲೆ ಒತ್ತುತೀನಿ."

ಹೆಬ್ಬೆಟ್ಟಿನ ಮಸಿಯನ್ನು ಹೆಗಲ ಟವೆಲ್ಲಿಗೆ ನಿಧಾನವಾಗಿ ಒರೆಸಿಕೊಂಡ. ಕಾಗದದಲ್ಲಿ ಕಾಲು ಜಾರಿ ಎಂದಿದ್ದುದರ ಮೇಲೆ ನಾನು ಅಡ್ಡಗೆರೆ ಎಳೆದೆ.

ಗಿಡ್ಡಮ್ಮ ಯಾರನ್ನೂ ಕೇಳದೆ ಮೆದೆಯಿಂದ ಒಂದು ತಬ್ಬು ಹುಲ್ಲು ಕಿತ್ತುಕೊಂಡು, ಗಾಡಿಗೆ ಹಾಸಲು ನಡೆದಳು.