ಒಂದು ಮಂಕರಿ ಕರಟ

ರೇವಣಸಿದ್ದಯ್ಯನವರು ಬಯ್ಯಲಿಲ್ಲ, ಒಳಗೆ ಕೂಗಿ ಹೇಳಿ ಕಾಫಿ ತರಿಸಿದರು. ಅಲ್ಲಿಗೇ ಚಿಕ್ಕಹನುಮಯ್ಯನ ಅರ್ಧ ಧೈರ್ಯ ಉಡುಗಿಹೋಯಿತು. ಜಗಳಕ್ಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಕಾಫಿ ಲೋಟ ಹಿಡಿದುಕೊಂಡು ಆಡುವುದು ಹೇಗೆ?

ಬಿಳಿಗೆರೆಯಲ್ಲಿ ತೋಟದ ಯಜಮಾನರಾದ ಅವರ ಒಣಗಿದ ತೆಂಗಿನಕಾಯಿ ಒಡೆದು ಕೊಬ್ಬರಿ ಬಿಡಿಸುತ್ತಿದ್ದ ಹನ್ನೆರಡು ಹೆಂಗಸರು ಕೆಲಸ ನಿಲ್ಲಿಸಿ ಅಂದಿಗೆ ಹದಿನೈದು ದಿನ. ಅವರು ಕೇಳಿದ್ದು ಹೆಚ್ಚಿನ ಕೂಲಿಯಲ್ಲ, ಕರಟ. ಸಂಜೆ ಮನೆಗೆ ಹೋಗುವಾಗ ಒಬ್ಬೊಬ್ಬರು ಒಂದು ಮಂಕರಿ ಕರಟ ಹೊತ್ತೊಯ್ಯುವುದು ಅವರ ಅತ್ತೆಯರ ಕಾಲದಿಂದ ನಡೆದುಬಂದದ್ದು. ಅವರ ಒಲೆ ಉರಿಯುತ್ತಿದ್ದುದೇ ಅದರಿಂದ. ಈ ವರ್ಷ ಇದ್ದಿಲು ಸುಡುವವರ ಲಾರಿ ಊರಿಗೆ ಬರತೊಡಗಿದ ಮೇಲೆ ಕರಟಕ್ಕೂ ಬೆಲೆ ಬಂತು, ಮಂಕರಿ ನಿಂತುಹೋಯಿತು.

ಮುಷ್ಕರದ ಉಪಾಯ ಚಿಕ್ಕಹನುಮಯ್ಯನದು. ದಾವಣಗೆರೆಯ ಬಟ್ಟೆ ಗಿರಣಿಯೊಂದರಲ್ಲಿ ಹತ್ತು ವರ್ಷ ದುಡಿದು, ಸಂಘ ಕಟ್ಟಿ, ಎಂಬತ್ತೊಂದರಲ್ಲಿ ಕೆಲಸ ಕಳೆದುಕೊಂಡು ಊರಿಗೆ ಬಂದವನು. ಅಲ್ಲಿ ಮಗ್ಗ ನಿಂತ ಒಂಬತ್ತನೇ ದಿನಕ್ಕೆ ಮಾಲೀಕರು ಮಾತುಕತೆಗೆ ಕರೆದದ್ದನ್ನು ಕಣ್ಣಾರೆ ಕಂಡಿದ್ದ. "ಒಂಬತ್ತು ದಿನ ತಡ್ಕಳಿ ಸಾಕು, ಅವ್ರೇ ಬತ್ತಾರೆ" ಎಂದು ಹೆಂಗಸರಿಗೆ ಹೇಳಿದ್ದ. ಮುಂದೆ ನಿಂತು ಮಾತಾಡಲು ಗಟ್ಟಿಗಿತ್ತಿ ಪುಟ್ಟಗಂಗಮ್ಮನನ್ನು ಆರಿಸಿದವನೂ ಅವನೇ. ಆಕೆ ಒಲ್ಲೆನೆಂದಳು. ನಾಲ್ಕು ಸಲ ಅವಳ ಮನೆಗೆ ಅಲೆದು ಒಪ್ಪಿಸಿದ.

ಈಗ ಹೆಂಗಸರ ಮನೆಗಳಲ್ಲಿ ರಾಗಿ ಮುಗಿಯುತ್ತ ಬಂದಿತ್ತು.

"ಯಜಮಾನ್ರೆ, ಕೆಲ್ಸ ನಿಂತ್ರೆ ನಿಮ್ಗೂ ಲುಕ್ಸಾನು," ಎಂದ ಚಿಕ್ಕಹನುಮಯ್ಯ.

ರೇವಣಸಿದ್ದಯ್ಯನವರು ಮೆಲ್ಲಗೆ ನಕ್ಕು ತಲೆಯ ಮೇಲಕ್ಕೆ ಕೈ ತೋರಿಸಿದರು. ಅಟ್ಟದ ಸಂದುಗಳಲ್ಲಿ ಕಾಯಿಯೋ ಕಾಯಿ.

"ಅಲ್ಲಪ್ಪ ಹನುಮ, ನೀನು ಈ ಊರಲ್ಲೇ ಹುಟ್ದೋನು. ವರ್ಷ ಒಣಗಿರೋ ಕಾಯಿ ಇನ್ನೆರಡು ತಿಂಗ್ಳು ಮ್ಯಾಲಿದ್ರೆ ಏನಾಯ್ತದೆ? ನಾನು ಕಾಯ್ತೀನಿ ಕಣಪ್ಪ. ಅವ್ರು ಕಾಯ್ತಾರಾ?"

ಚಿಕ್ಕಹನುಮಯ್ಯನಿಗೆ ನೆಲ ಬಿರಿಯಬಾರದೇ ಅನ್ನಿಸುವಷ್ಟು ನಾಚಿಕೆಯಾಯಿತು. ಇಂಥದೇ ಅಟ್ಟದ ಕೆಳಗೆ, ಅಪ್ಪ ಸಂಬಳಕ್ಕಿದ್ದ ಮನೆಯಲ್ಲಿ, ಆಡಿ ಬೆಳೆದವನು ಅವನು. ಕಾಯಿಯನ್ನು ಅಟ್ಟಕ್ಕೇರಿಸಿ ಹನ್ನೊಂದು ತಿಂಗಳು ಮರೆತುಬಿಡುವ ಸೀಮೆಗೆ ಗಿರಣಿಯ ಉಪಾಯ ತಂದಿದ್ದ. ಮಗ್ಗ ನಿಂತರೆ ಮಾಲೀಕ ನಡುಗುತ್ತಾನೆ. ಕಾಯಿ ನಿಂತರೆ ಇನ್ನಷ್ಟು ಒಣಗುತ್ತದೆ, ಅಷ್ಟೇ. ಇಷ್ಟೆಲ್ಲ ಓದಿ, ಇಷ್ಟೆಲ್ಲ ಭಾಷಣ ಮಾಡಿ, ಊರಿನ ಕೂಸಿಗೂ ಗೊತ್ತಿರುವ ಸಂಗತಿ ಅವನಿಗೆ ಹೊಳೆದಿರಲಿಲ್ಲ.

"ನಾಳೆಯಿಂದ ಬರೋರು ಬರ್ಲಿ. ಕರಟದ ಮಾತು ಬ್ಯಾಡ," ಎಂದರು ರೇವಣಸಿದ್ದಯ್ಯನವರು. "ಆ ಗಂಗಮ್ಮ ಮಾತ್ರ ಬರಾದು ಬ್ಯಾಡ."

"ಅವ್ಳದೇನೂ ತಪ್ಪಿಲ್ಲ ಯಜಮಾನ್ರೆ. ಹೇಳ್ಕೊಟ್ಟೋನು ನಾನು."

"ನಿನ್ನ ಬುಡ್ಸಾಣ ಅಂದ್ರೆ ನೀನು ನಮ್ಮಲ್ಲಿ ಕೆಲ್ಸಕ್ಕಿಲ್ವಲ್ಲಪ್ಪ. ಕಾಫಿ ಆರೋಯ್ತದೆ, ಕುಡಿ."

ಮರುದಿನ ಹನ್ನೊಂದು ಹೆಂಗಸರು ಕೆಲಸಕ್ಕೆ ಹೋದರು. ಯಾರೂ ಅವನ ಮೇಲೆ ಕೂಗಾಡಲಿಲ್ಲ. ಅವರಲ್ಲಿ ಹಿರಿಯಳಾದ ಹುಚ್ಚಕ್ಕ ಮಾತ್ರ ಅವನ ಮನೆ ಮುಂದೆ ಹಾಯುವಾಗ ಮುಖ ಆಚೆ ತಿರುಗಿಸಿಕೊಂಡಳು. ಬಿಸಿಲೇರುವ ಹೊತ್ತಿಗೆ ಕರಟ ಒಡೆಯುವ ಸದ್ದು ಬೀದಿಗೆಲ್ಲ ಕೇಳತೊಡಗಿತು.

ಆಗ ಪುಟ್ಟಗಂಗಮ್ಮ ಬಂದಳು. ಮುಖಕ್ಕೆ ಉಗಿಯುತ್ತಾಳೆ ಎಂದುಕೊಂಡ. ಉಗಿದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಬೆಳಗಿನಿಂದ ಬೇರೆ ತೋಟದವರ ಮನೆಗಳಲ್ಲೂ ಕೆಲಸ ಕೇಳಿ ಬಂದಿದ್ದಳಂತೆ. ಸುದ್ದಿ ಅವಳಿಗಿಂತ ಮೊದಲೇ ಹೋಗಿ ಮುಟ್ಟಿತ್ತು.

"ಅವ್ರು ಹೋಗ್ಲಿ ಬುಡು, ಮಕ್ಳೊಂದಿಗ್ರು," ಎಂದಳು. "ನಾನು ನಿನ್ ಜತೇಲೇ ಇವ್ನಿ. ಮುಂದ್ಕೇನ್ ಮಾಡಾದು, ಹೇಳಪ್ಪ."

ಅವನು ಬಾಯಿ ತೆರೆದ. ದಾವಣಗೆರೆಯಲ್ಲಿ ಇಂಥ ಹೊತ್ತಿಗೆ ಆಡುತ್ತಿದ್ದ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಯೋಚನೆ ಮಾಡುತ್ತಿದ್ದಾನೆ ಎಂದುಕೊಂಡ ಪುಟ್ಟಗಂಗಮ್ಮ ಜಗುಲಿಯ ಮೇಲೆ ಕೂತಳು. ಸೆರಗಿನಿಂದ ಬೆವರು ಒರೆಸಿಕೊಂಡು, ಅವಸರವೇನಿಲ್ಲ ಎಂಬಂತೆ ಅವನ ಮುಖವನ್ನೇ ನೋಡುತ್ತಾ ಉಳಿದಳು.