ಎರಡು ಪಟ್ಟಿಯಲ್ಲೂ ಇದ್ದ ಹನ್ನೊಂದು ಗ್ಯಾಲಕ್ಸಿಗಳು

ಅಕ್ಕ ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಇಪ್ಪತ್ತೆರಡು ವರ್ಷಗಳಿಂದ ಪಠ್ಯಪುಸ್ತಕ, ನಿಘಂಟು, ರೈಲಿನ ವೇಳಾಪಟ್ಟಿ ಎಲ್ಲದರ ಮೇಲೂ ಅವಳ ಕೆಂಪು ಪೆನ್ನು ಓಡಾಡಿದೆ. ತಂಗಿ ಖಗೋಳ ವಿಜ್ಞಾನಿ. ನಾಲ್ಕು ವರ್ಷದ ಕೆಲಸವನ್ನೆಲ್ಲ ಲೇಖನವಾಗಿ ಬರೆದು, ಪತ್ರಿಕೆಗೆ ಕಳಿಸುವ ಮುನ್ನ ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಅಡುಗೆಮನೆಯ ಮೇಜಿನ ಮೇಲಿಟ್ಟಳು.

“ಅಕ್ಷರದ ತಪ್ಪು ಮಾತ್ರ ನೋಡಕ್ಕ. ವಿಷಯ ನಿಂಗೆ ತಲೆಬುಡ ಗೊತ್ತಾಗಲ್ಲ.”

“ಆ ತಲೆಬುಡ ಏನೂಂತ ಮೊದಲು ಹೇಳು,” ಎಂದು ಅಕ್ಕ ಕನ್ನಡಕ ಏರಿಸಿದಳು.

ತಂಗಿ ಹೇಳಿದಳು. ಪ್ರತಿ ಗ್ಯಾಲಕ್ಸಿಯ ಸುತ್ತ, ನಕ್ಷತ್ರಗಳಿಂದಾಚೆ ಬಹುದೂರದವರೆಗೆ, ತೆಳ್ಳನೆಯ ಅನಿಲ ಹರಡಿರುತ್ತದೆ. ಹೊಸ ನಕ್ಷತ್ರಗಳಿಗೆ ಅದೇ ಸರಕು, ತಣ್ಣಗಾದಾಗ ಒಳಕ್ಕಿಳಿಯುತ್ತದೆ. ಆದರೆ ಕೆಲವು ಗ್ಯಾಲಕ್ಸಿಗಳ ನಟ್ಟನಡುವಿನ ಕಪ್ಪುಕುಳಿ ಸುತ್ತಲಿನದನ್ನು ನುಂಗುತ್ತ ಧಗಧಗಿಸುತ್ತದೆ, ರಭಸದ ಗಾಳಿ ಎಬ್ಬಿಸುತ್ತದೆ. ಆ ಗಾಳಿ ಅಷ್ಟು ದೂರದ ಅನಿಲವನ್ನೂ ಕಾಯಿಸುತ್ತದೆಯೇ? ಅದೇ ಅವಳ ಪ್ರಶ್ನೆ.

“ನುಂಗೋ ಬಾಯಿ ಉಗುಳೋದೂ ಉಂಟಾ?”

“ನುಂಗೋದಕ್ಕಿಂತ ಚೆಲ್ಲಾಡೋದೇ ಜಾಸ್ತಿ.”

“ನಿನ್ನ ಭಾವನ ಥರ ಅನ್ನು.”

ಪಕ್ಕದ ಕೋಣೆಯಲ್ಲಿ ಭಾವ ಜೋರಾಗಿ ಕೆಮ್ಮಿದರು.

ಆ ಅನಿಲ ನೇರವಾಗಿ ಕಣ್ಣಿಗೆ ಬೀಳುವಂಥದ್ದಲ್ಲ. ಅದರ ಹಿಂದಿನಿಂದ ಬರುವ ಬೆಳಕನ್ನು ತಣ್ಣನೆಯ ಅನಿಲ ಒಂದಿಷ್ಟು ಹೀರಿಕೊಳ್ಳುತ್ತದೆ. ಎಷ್ಟು ಹೀರಿತು ಎಂದು ಅಳೆಯಬೇಕು. ಹೀಗೆ ಇನ್ನೂರು ಗ್ಯಾಲಕ್ಸಿಗಳನ್ನು ಅಳೆದು, ನಡುವಿನ ಕಪ್ಪುಕುಳಿ ಹೀಗೆ ಕೆರಳಿದವು ಒಂದು ಪಟ್ಟಿ, ಸುಮ್ಮನಿರುವವು ಇನ್ನೊಂದು ಎಂದು ತಂಗಿ ಬೇರ್ಪಡಿಸಿದ್ದಳು. ಕೆರಳಿದವುಗಳ ಸುತ್ತ ತಣ್ಣನೆಯ ಅನಿಲ ಕಡಿಮೆಯಿತ್ತು ನಿಜ, ಆದರೆ ಕೂದಲೆಳೆಯಷ್ಟೇ. ಲೇಖನದ ತುಂಬ ‘ಇರಬಹುದು’ ಎಂದೇ ಬರೆದಿದ್ದಳು.

ಮಧ್ಯಾಹ್ನದ ಹೊತ್ತಿಗೆ ಅಕ್ಕನ ಪೆನ್ನು ಗಕ್ಕನೆ ನಿಂತಿತು.

“ಬಾರೇ ಇಲ್ಲಿ. ಇವೆರಡೂ ಒಂದೇ ಅಲ್ವಾ?”

“ಇಲ್ಲಕ್ಕ, ಹೆಸರು ಬೇರೆ ನೋಡು.”

“ಹೆಸರು ಹಾಳಾಗಲಿ. ಆಕಾಶದಲ್ಲಿ ಎಲ್ಲಿದೆ ಅನ್ನೋ ಅಂಕಿ ನೋಡು, ಕೊನೇವರೆಗೂ ಒಂದೇ.”

ತಂಗಿ ಹಾಳೆಯನ್ನು ಕಿತ್ತುಕೊಂಡು ನೋಡಿದಳು. ಗ್ಯಾಲಕ್ಸಿಗಳನ್ನು ಅವಳು ಆಕಾಶಕಾಯಗಳ ಎರಡು ಸೂಚಿಗಳಿಂದ ಆರಿಸಿದ್ದಳು, ಒಂದು ಹಳೆಯದು, ಇನ್ನೊಂದು ಹೊಸದು. ಒಂದೇ ಗ್ಯಾಲಕ್ಸಿಗೆ ಎರಡರಲ್ಲೂ ಬೇರೆ ಬೇರೆ ಹೆಸರು. ಹೊಸ ಸೂಚಿ ಅದು ಕೆರಳಿದೆ ಎಂದರೆ, ಹಳೆಯ ಸೂಚಿ ಸುಮ್ಮನಿದೆ ಎಂದಿತ್ತು. ಇಬ್ಬರೂ ಕೂತು ಸಾಲುಸಾಲಾಗಿ ಹುಡುಕಿದರು. ಅಂಥವು ಹನ್ನೊಂದು ಸಿಕ್ಕವು.

“ನಾಲ್ಕು ವರ್ಷ ಮಣ್ಣುಪಾಲಾಯ್ತು!”

“ಅಚ್ಚಾದಮೇಲೆ ಸಿಕ್ಕಿದ್ರೆ ಅಳಬೇಕಿತ್ತು. ಈಗ ಊಟ ಮಾಡು ಬಾ.”

ಮರುದಿನವೇ ತಂಗಿ ಒಂದನ್ನೂ ಮುಚ್ಚಿಡದೆ ವಿಭಾಗದ ಮುಖ್ಯಸ್ಥೆಗೆ ತಿಳಿಸಿದಳು. ಆಕೆ ಬೈಯಲಿಲ್ಲ, ಹಿಡಿದವರು ಯಾರೆಂದಷ್ಟೇ ಕೇಳಿದರು. ಹೊಸ ಸೂಚಿಯ ಅಳತೆಯೇ ನಿಖರವಾದ್ದರಿಂದ ಸುಮ್ಮನಿರುವವುಗಳ ಪಟ್ಟಿಯಿಂದ ಆ ಹನ್ನೊಂದನ್ನು ಕಿತ್ತು, ಲೆಕ್ಕವನ್ನೆಲ್ಲ ಹೊಸದಾಗಿ ಮಾಡಲು ಮೂರು ವಾರ ಹಿಡಿಯಿತು. ಕೊನೆಗೆ ಪರದೆಯ ಮೇಲೆ ಪಟ್ಟಿಗೊಂದರಂತೆ ಎರಡು ಗೆರೆಗಳು ಮೂಡಿದಾಗ ತಂಗಿ ಕುರ್ಚಿಯಿಂದ ಎದ್ದೇಬಿಟ್ಟಳು. ತಣ್ಣನೆಯ ಅನಿಲ ಎಲ್ಲಕ್ಕಿಂತ ಕಡಿಮೆಯಿದ್ದ ಆ ಹನ್ನೊಂದೇ ಸುಮ್ಮನಿರುವವುಗಳ ಜೊತೆ ಬೆರೆತು ವ್ಯತ್ಯಾಸವನ್ನು ಮಸುಕು ಮಾಡಿದ್ದವು. ಈಗ ಗೆರೆಗಳ ನಡುವೆ ಬೆರಳಗಲದ ಅಂತರ.

ಅಲ್ಲಿಂದಲೇ ಮುದ್ರಣಾಲಯಕ್ಕೆ ಫೋನ್ ಮಾಡಿದಳು.

“ಅಕ್ಕಾ, ಲೇಖನದ ಕೊನೇಲಿ ನಿನ್ನ ಹೆಸರು ಹಾಕಿ ಕೃತಜ್ಞತೆ ಹೇಳಿದೀನಿ.”

“ವಿಜ್ಞಾನಿಗಳ ಮಧ್ಯೆ ನಂದೇನೇ ಕೆಲಸ? ತೆಗಿ.”

“ತೆಗಿಯಲ್ಲ.”

ಅಕ್ಕ ಕೈಲಿದ್ದ ಕೆಂಪು ಪೆನ್ನು ಕೆಳಗಿಟ್ಟಳು. ಆಮೇಲೆ ಕೇಳಿದಳು: “ಅಲ್ಲ ಕಣೇ, ಕಾದ ಆ ಅನಿಲ ಮತ್ತೆ ತಣ್ಣಗಾಗೋದೇ ಇಲ್ವಾ?”

“ಕೆಲವು ಕಡೆ ಆಗಬಹುದು. ಮುಂದಿನ ಲೇಖನ ಅದರ ಮೇಲೇ.”

“ಎಷ್ಟು ವರ್ಷ ಆಗತ್ತೆ?”

“ಕೋಟಿಗಟ್ಟಲೆ.”

“ಅಯ್ಯೋ, ನಾನು ಕೇಳಿದ್ದು ನಿನ್ನ ಲೇಖನಕ್ಕೆ!”

ಇಬ್ಬರಿಗೂ ನಗು ತಡೆಯಲಾಗಲಿಲ್ಲ.