ಬೇಕರಿ ಅಕ್ಕ ಬಿಸಿಲಿಗೆ ದಾರಿ ಬದಲಿಸಿದ್ದು

ಆ ವರ್ಷದ ಬಿಸಿಲು ನಿಮಗೂ ಗೊತ್ತಿರುವಂಥದ್ದೇ. ನಲ್ಲಿ ತಿರುಗಿಸಿದರೆ ಕಾಯಿಸಿದ ನೀರು ಬರುತ್ತಿತ್ತು. ಹರವಿದ ಬಟ್ಟೆ ತಿರುಗಿ ನೋಡುವಷ್ಟರಲ್ಲಿ ಒಣಗಿ ಗರಿಗರಿಯಾಗುತ್ತಿತ್ತು. ಗೋಡೆಗೆ ಒರಗಿದವರು ಬೆನ್ನು ಸುಟ್ಟುಕೊಂಡು ನೆಟ್ಟಗೆ ಕೂರುತ್ತಿದ್ದರು. ಬೀದಿಯವರೆಲ್ಲ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಒಳಗೆ ಸೇರಿರುವಾಗ, ಮೂಲೆ ಬೇಕರಿಯ ಅಕ್ಕ ಮಾತ್ರ ಸೈಕಲ್ಲಿಗೆ ಚೀಲ ಬಿಗಿಯುತ್ತಿದ್ದಳು.

ಕಾರಣ ಇಲ್ಲದೆ ಅಲ್ಲ. ಅವಳ ತಮ್ಮ ಕಡಲ ದಂಡೆಯಲ್ಲಿ ದೋಣಿ ಕಟ್ಟುವವನು. ಇಷ್ಟು ವರ್ಷ ಊರವರಿಗೆಲ್ಲ ದೋಣಿ ಮಾಡಿಕೊಟ್ಟವನು ಈಗ ಮೊದಲ ಸಲ ತನಗೇ ಅಂತ ಒಂದು ಕಟ್ಟಿದ್ದ. ಭಾನುವಾರ ನೀರಿಗಿಳಿಸುವುದು. "ಅಕ್ಕ, ನೀನು ಬರದೆ ದೋಣಿ ನೆಲ ಬಿಡಲ್ಲ" ಅಂತ ಫೋನಿನಲ್ಲಿ ಹೇಳಿದ್ದ. ಚಿಕ್ಕವರಿದ್ದಾಗ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಊರು ಸುತ್ತಿದವರು. ಅಕ್ಕನಿಗೆ ಹುರುಪು ಬಂತು. "ಸೈಕಲ್ಲಲ್ಲೇ ಬರ್ತೀನಿ ನೋಡ್ತಿರು" ಅಂದಳು. ಅಂದದ್ದನ್ನು ಬ್ರೆಡ್ಡು ಕೊಳ್ಳಲು ಬಂದವರಿಗೆಲ್ಲ ಬ್ರೆಡ್ಡಿನ ಜೊತೆ ಕಟ್ಟಿಕೊಟ್ಟಳು.

ಜೊತೆಗೆ ಹೊರಟವಳು ನಾದಿನಿ. ಆಸ್ಪತ್ರೆಯಲ್ಲಿ ನರ್ಸು. ರಜೆ ಸಿಕ್ಕಿದರೆ ಸಾಕು, ಡೇರೆ, ಚಾಪೆ, ಬಟ್ಟೆ ಎಲ್ಲ ಸೈಕಲ್ಲಿಗೇ ಕಟ್ಟಿಕೊಂಡು ಊರೂರು ತಿರುಗುವವಳು. ತಲೆ ನರೆಯಲು ಶುರುವಾಗಿದ್ದರೂ ಮನೆಯವರ ಬಾಯಲ್ಲಿ ಇನ್ನೂ ಪುಟ್ಟಿ.

"ಅತ್ತಿಗೆ, ಹೊರಡೋಣ, ಬೇಡ ಅನ್ನಲ್ಲ," ಅಂದಳು ಪುಟ್ಟಿ. "ಆದ್ರೆ ಬೆಳಕು ಹರಿಯೋ ಮೊದಲೇ ಹೊರಡೋಣ. ಹೊತ್ತು ಏರಿದ ಮೇಲೆ ನೆರಳು ಹಿಡಿಯೋಣ. ಸಂಜೆ ಮತ್ತೆ ತುಳಿಯೋಣ."

"ಅಷ್ಟು ನಾಜೂಕು ಮಾಡಿದ್ರೆ ಈ ಭಾನುವಾರ ಅಲ್ಲ, ಮುಂದಿನ ವರ್ಷ ತಲುಪ್ತೀವಿ. ನಾನು ದಿನಾ ಒಲೆ ಬಾಯಿಗೆ ಮುಖ ಕೊಟ್ಟು ನಿಲ್ಲೋಳು ಕಣೇ. ಬೆಂಕಿಗೇ ಹೆದರದವಳು ಬಿಸಿಲಿಗೆ ಹೆದರ್ತೀನಾ?"

"ಒಲೆ ಮುಂದೆ ನೀವು ನಿಂತಿರ್ತೀರಿ. ಸೈಕಲ್ ಮೇಲೆ ಒಲೆ ನಿಮ್ಮ ಮೈಯೊಳಗೇ ಉರಿಯುತ್ತೆ. ತುಳಿದಷ್ಟೂ ಉರಿ ಜಾಸ್ತಿ. ಮೇಲಿಂದ ಸೂರ್ಯ, ಕೆಳಗಿಂದ ಡಾಂಬರು. ಬೇಯೋದಕ್ಕೆ ಇನ್ನೇನು ಬೇಕು?"

ಅಕ್ಕನ ಗಂಡ ಬ್ರೆಡ್ಡಿನ ಅಚ್ಚುಗಳಿಗೆ ಎಣ್ಣೆ ಸವರುತ್ತಾ ಅಲ್ಲೇ ಕೂತಿದ್ದ. "ಅವಳಿಗೆ ಹೇಳೋದೂ ಒಂದೇ, ಈ ಅಚ್ಚಿಗೆ ಹೇಳೋದೂ ಒಂದೇ ಪುಟ್ಟಿ," ಅಂದ. "ಅಚ್ಚು ಆದ್ರೂ ತಿರುಗಿ ಮಾತಾಡಲ್ಲ."

ಕೊನೆಗೆ ಅಕ್ಕನ ಮಾತೇ ನಡೆಯಿತು. ಬೆಳಗಿನ ಬ್ರೆಡ್ಡು ಒಲೆಯಿಂದ ಇಳಿದ ಮೇಲೆ, ಬಿಸಿಲು ಚೆನ್ನಾಗಿ ಬಲಿತ ಮೇಲೆ ಹೊರಟರು. ಅಕ್ಕನ ಚೀಲದಲ್ಲಿ ರಸ್ಕು ಬೇಕಾದಷ್ಟಿತ್ತು, ನೀರು ಮಾತ್ರ ಒಂದೇ ಬಾಟಲಿ. ದಾರಿಯೂ ಅವಳದೇ ಆಯ್ಕೆ. ಮೈದಾ ತರುವ ಲಾರಿ ಬರುವ ಹೆದ್ದಾರಿ. ನೇರ, ಹತ್ತಿರ, ಉದ್ದಕ್ಕೂ ಒಂದು ಮರವೂ ಇಲ್ಲ.

ಮೊದಲ ದಿನ ಹೇಗೋ ಕಳೆಯಿತು. ಪುಟ್ಟಿ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಆಗಾಗ ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಅಕ್ಕನಿಗೂ ಬಾಟಲಿ ಚಾಚುತ್ತಿದ್ದಳು.

"ನನಗೆ ಬಾಯಾರಿಕೆ ಇಲ್ಲ. ಬೆವರೂ ಇಲ್ಲ ನೋಡು, ಮೈ ಒಣಗಿದೆ," ಅನ್ನುತ್ತಿದ್ದಳು ಅಕ್ಕ.

"ಗಾಳಿಗೆ ಬೆವರು ಹುಟ್ಟಿದಲ್ಲೇ ಆರಿ ಹೋಗ್ತಿದೆ ಅತ್ತಿಗೆ. ಅಂಗಿ ಬೆನ್ನಿನ ಮೇಲೆ ಬಿಳಿ ಗೆರೆ ಇದೆಯಲ್ಲ, ಅದು ನಿಮ್ಮ ಮೈಯಿಂದ ಹೋದ ಉಪ್ಪು. ಬಾಯಾರೋ ತನಕ ಕಾಯಬಾರದು."

ಅಕ್ಕ ಎರಡು ಗುಟುಕು ಕುಡಿದು ಬಾಟಲಿ ಹಿಂದಕ್ಕೆ ಕೊಟ್ಟಳು. ನಾದಿನಿಯ ಸಮಾಧಾನಕ್ಕೆ.

ಎರಡನೇ ದಿನ ಎದುರು ಗಾಳಿ. ಅಂದುಕೊಂಡಷ್ಟು ದಾರಿ ಸಾಗಲಿಲ್ಲ. ನಡುಹಗಲಿಗೆ ಒಂದು ಪೆಟ್ರೋಲ್ ಬಂಕಿನ ನೆರಳು ಸಿಕ್ಕಿತು. ಪುಟ್ಟಿ ಸೈಕಲ್ ನಿಲ್ಲಿಸಿದಳು, ಅಕ್ಕ ನಿಲ್ಲಿಸಲಿಲ್ಲ. "ಹಿಂದೆ ಬಿದ್ದಿದ್ದೀವಿ, ಊಟದ ಹೊತ್ತಲ್ಲಿ ಒಂದಿಷ್ಟು ದೂರ ಹೊಡೆದುಬಿಡೋಣ" ಅಂತ ಮುಂದೆ ತುಳಿದಳು. ಪುಟ್ಟಿ ಹಲ್ಲು ಕಚ್ಚಿಕೊಂಡು ಹಿಂದೆಯೇ ಬಂದಳು.

ಸ್ವಲ್ಪ ಹೊತ್ತಿಗೆ ಅಕ್ಕನ ಹಣೆ ಸಿಡಿಯತೊಡಗಿತು. ಮೀನಖಂಡ ಹಿಡಿದುಕೊಂಡಿತು. ಹೊಟ್ಟೆ ತೊಳಸಿದ ಹಾಗಾಯಿತು. ಆಮೇಲೆ ಒಂದು ವಿಚಿತ್ರ ಆಯಿತು. ಸುತ್ತ ಬೆಂಕಿ ಸುರಿಯುತ್ತಿದ್ದರೂ ಅವಳ ತೋಳಿನ ಮೇಲೆ ಚಳಿಗೆ ಏಳುವ ಹಾಗೆ ಕೂದಲು ನಿಮಿರಿ ನಿಂತವು. "ಪುಟ್ಟಿ, ಚಳಿ ಆಗ್ತಿದೆ" ಅಂದಳು. ರಸ್ತೆ ಅಗಲವಾಗಿ, ಮತ್ತೆ ಕಿರಿದಾಗಿ ಕಂಡಿತು. ಸೈಕಲ್ ಅಂಚಿಗೆ ಜಾರಿತು.

ಹಿಂದೆಯೇ ಇದ್ದ ಪುಟ್ಟಿ ಇಳಿದು ಓಡಿಬಂದು, ಅಕ್ಕ ಬೀಳುವ ಮೊದಲೇ ಹಿಡಿದಳು. ಹತ್ತಿರ ತಗಡಿನ ಬಸ್ ನಿಲ್ದಾಣ ಇತ್ತು, ಆದರೆ ಅದರೊಳಗೆ ಕಾದ ಒಲೆಯ ಝಳ. ಪುಟ್ಟಿ ಅದನ್ನು ಬಿಟ್ಟು, ಹೆದ್ದಾರಿ ಸೇತುವೆಯ ಕೆಳಗಿನ ತಣ್ಣನೆ ನೆರಳಿಗೆ ಅವಳನ್ನು ನಡೆಸಿಕೊಂಡು ಹೋದಳು. ನೆಲದ ಮೇಲೆ ಚಾಪೆ ಹಾಸಿ ಮಲಗಿಸಿದಳು. ಕಾಲಡಿಗೆ ಚೀಲ ಇಟ್ಟು ಎತ್ತರ ಮಾಡಿದಳು. ಬಟ್ಟೆ ಸಡಿಲಿಸಿದಳು. ಅಷ್ಟರಲ್ಲಿ ಲಾರಿ ನಿಲ್ಲಿಸಿ ಡ್ರೈವರ್ ಒಬ್ಬ ನೀರಿನ ಕ್ಯಾನು ಹೊತ್ತು ಇಳಿದು ಬಂದ. ಪುಟ್ಟಿ ಆ ನೀರನ್ನು ಅಕ್ಕನ ಕುತ್ತಿಗೆ, ಕಂಕುಳು, ತೋಳು, ಕಾಲು ಎಲ್ಲ ಒದ್ದೆಯಾಗುವ ಹಾಗೆ ಸುರಿದಳು. ಡ್ರೈವರ್ ರಟ್ಟು ಹಿಡಿದು ಬೀಸತೊಡಗಿದ.

"ಅತ್ತಿಗೆ, ನಾನು ಯಾರು ಹೇಳಿ. ಇವತ್ತು ಯಾವ ವಾರ?"

"ಗುರುವಾರ," ಅಂದಳು ಅಕ್ಕ ಕಣ್ಣು ಮುಚ್ಚಿಕೊಂಡೇ. "ನೀನು ನನ್ನ ಜೀವ ತಿನ್ನೋ ನಾದಿನಿ."

ಡ್ರೈವರ್ ಬಾಯಿ ಮುಚ್ಚಿಕೊಂಡು ನಕ್ಕ. ಪುಟ್ಟಿಗೆ ಹೋದ ಉಸಿರು ಬಂತು. ಆಮೇಲೆ ತಲೆ ಎತ್ತಿ ಹಿಡಿದು ಉಪ್ಪು ಸಕ್ಕರೆ ನೀರು ಸ್ವಲ್ಪ ಸ್ವಲ್ಪವೇ ಕುಡಿಸಿದಳು. "ಉತ್ತರ ತಪ್ಪಿದ್ದಿದ್ರೆ ಒಂದು ಹನಿ ನೀರೂ ಬಾಯಿಗೆ ಹಾಕ್ತಿರಲಿಲ್ಲ," ಅಂತ ಡ್ರೈವರಿಗೆ ಹೇಳಿದಳು. "ಮಾತು ತೊದಲಿದ್ರೆ, ಎಚ್ಚರ ತಪ್ಪಿದ್ರೆ ಕುಡಿಸಿದ ನೀರು ಶ್ವಾಸನಾಳಕ್ಕೆ ಹೋಗುತ್ತೆ. ಆಗ ಮೈ ತಣ್ಣಗೆ ಮಾಡ್ತಾನೇ ಆಂಬುಲೆನ್ಸ್ ಕರೀಬೇಕು. ತಡ ಮಾಡಿದ್ರೆ ಜೀವಕ್ಕೇ ಕುತ್ತು."

ಅದೇ ಲಾರಿಯಲ್ಲಿ ಸೈಕಲ್ ಸಮೇತ ಹತ್ತಿರದ ಪಟ್ಟಣಕ್ಕೆ ಬಂದರು. ಅಲ್ಲಿನ ಡಾಕ್ಟರು ನೋಡಿ, "ಸಮಯಕ್ಕೆ ಸರಿಯಾಗಿ ತಣ್ಣಗೆ ಮಾಡಿದ್ದಾರೆ, ಗಂಡಾಂತರ ತಪ್ಪಿತು. ನಾಳೆ ಪೂರ್ತಿ ವಿಶ್ರಾಂತಿ. ಆಮೇಲೂ ಬಿಸಿಲಿಗೆ ಹೋಗಬೇಡಿ," ಅಂದರು.

ಹೆಂಗಸರ ಕೂದಲು ಕತ್ತರಿಸುವ ಅಂಗಡಿಯೊಂದರ ಮಹಡಿಯಲ್ಲಿ ಕೋಣೆ ಸಿಕ್ಕಿತು. ಮಾರನೇ ದಿನ ಅಕ್ಕ ಹಾಸಿಗೆಯಲ್ಲಿ ಮಲಗಿ ಸೂರು ನೋಡುತ್ತಿದ್ದಳು. ಮೈ ಹಗುರಾಗಿತ್ತು, ಮನಸ್ಸು ಭಾರ.

"ತಮ್ಮನಿಗೆ ಏನು ಹೇಳಲಿ? ಇವತ್ತಿಡೀ ಹೋಯ್ತು. ಭಾನುವಾರಕ್ಕೆ ಆಗಲ್ಲ."

"ಆಗುತ್ತೆ," ಅಂದಳು ಪುಟ್ಟಿ. "ನಾಳೆ ಬೆಳಗಿನ ತಂಪಲ್ಲಿ ಕಾಲುವೆ ದಂಡೆ ಹಿಡಿದು ನಿಧಾನಕ್ಕೆ ಸ್ಟೇಷನ್ನಿಗೆ ಹೋಗೋಣ. ಉದ್ದಕ್ಕೂ ಮರ ಇದೆ, ದೂರವೂ ಇಲ್ಲ. ಆಮೇಲೆ ಬೋಳು ಬಯಲು. ಅದನ್ನ ಸೈಕಲ್ ಸಮೇತ ರೈಲಲ್ಲಿ ದಾಟೋಣ. ಸಂಜೆ ಕೊನೇ ತುಣುಕು ಕಡಲ ಗಾಳಿಯಲ್ಲಿ ತುಳಿಯೋಣ. ನಿಮಗೆ ಸ್ವಲ್ಪ ಸುಸ್ತು ಅನ್ನಿಸಿದ್ರೂ ಅದೂ ಇಲ್ಲ, ಆಟೋ."

"ರೈಲಾ?" ಅಕ್ಕ ಎದ್ದು ಕೂತಳು. "ಬೀದಿ ತುಂಬ ಹೇಳಿಕೊಂಡು ಬಂದಿದ್ದೀನಿ. ಸೋತು ರೈಲು ಹತ್ತಿದಳು ಅಂತ ಆಡಿಕೊಳ್ಳಲ್ವಾ?"

ಪುಟ್ಟಿ ಹಾಸಿಗೆಯ ಅಂಚಿಗೆ ಬಂದು ಕೂತಳು. ಆಮೇಲೆ ಕೇಳಿದಳು, "ಅತ್ತಿಗೆ, ಸೆಕೆ ಜಾಸ್ತಿ ಇರೋ ದಿನ ಬ್ರೆಡ್ಡಿನ ಹಿಟ್ಟು ಹೇಗೆ ಕಲಸ್ತೀರಿ?"

"ಅದೇನು ಕೇಳ್ತೀಯ? ಯೀಸ್ಟ್ ಕಮ್ಮಿ ಹಾಕ್ತೀನಿ. ತಣ್ಣೀರಲ್ಲಿ ಕಲಸ್ತೀನಿ. ಬೇಗ ಉಬ್ಬುತ್ತಲ್ಲ, ಬೇಗ ಒಲೆಗೆ ಹಾಕ್ತೀನಿ. ಇಲ್ಲದಿದ್ರೆ ಹುಳಿ ಹಿಡಿದು ಕುಸಿದು ಹೋಗುತ್ತೆ."

"ಚಳಿಗಾಲದಲ್ಲಿ?"

"ಆಗ ಬೇರೆ ಲೆಕ್ಕ. ಬಿಸಿನೀರು, ಜಾಸ್ತಿ ಹೊತ್ತು."

"ಹಾಗೆ ಬದಲಾಯಿಸಿದ್ದಕ್ಕೆ ನೀವು ಸೋತಿರಿ ಅಂತ ಯಾರಾದ್ರೂ ಅಂದ್ರಾ?"

"ಯಾಕಂತಾರೆ? ಅದೇ ಕಸುಬು."

"ಮತ್ತೆ, ಹಿಟ್ಟಿಗೆ ಕೊಡೋ ಮರ್ಯಾದೆ ಮೈಗೂ ಕೊಡಿ."

ಅಕ್ಕ ಮೊದಲು ಮುಗುಳ್ನಕ್ಕಳು, ಆಮೇಲೆ ಹಾಸಿಗೆ ಅಲ್ಲಾಡುವ ಹಾಗೆ ನಕ್ಕಳು. "ಅಣ್ಣನಿಗಿಂತ ತಂಗಿ ಬುದ್ಧಿವಂತೆ," ಅಂದಳು. "ಅವರಿಗೆ ಇದು ಇಷ್ಟು ವರ್ಷ ಹೊಳೀಲಿಲ್ಲ."

ನಗುವಿನ ಹುಮ್ಮಸ್ಸಿನಲ್ಲೇ ಕೆಳಗಿನ ಅಂಗಡಿಗೆ ಇಳಿದು, ಸೊಂಟದವರೆಗಿದ್ದ ಜಡೆ ಕುತ್ತಿಗೆಗೆ ಕತ್ತರಿಸಿಕೊಂಡು ಬಂದಳು. "ಎಷ್ಟೊಂದು ಭಾರ ಸುಮ್ಮನೆ ಹೊತ್ತಿದ್ದೆ ಮಾರಾಯ್ತಿ," ಅಂತ ಕನ್ನಡಿ ಮುಂದೆ ಕತ್ತು ಆ ಕಡೆ ಈ ಕಡೆ ತಿರುಗಿಸಿ ನೋಡಿದ್ದೇ ನೋಡಿದ್ದು.

ಶನಿವಾರ ಬೆಳಕು ಮೂಡುವ ಮೊದಲೇ ಕಾಲುವೆ ದಂಡೆಯಲ್ಲಿದ್ದರು. ತಿಳಿ ಬಣ್ಣದ ಸಡಿಲ ತುಂಬುತೋಳಿನ ಅಂಗಿ, ತಲೆಗೆ ಟೊಪ್ಪಿ, ಕುತ್ತಿಗೆಗೆ ಒದ್ದೆ ಬಟ್ಟೆ, ಸೈಕಲ್ಲಿನ ಎರಡೂ ಕಡೆ ನೀರು. ಎಲೆಗಳ ನಡುವಿನಿಂದ ತಂಪು ಗಾಳಿ ಬರುತ್ತಿತ್ತು. ಕಾಲುವೆಯಲ್ಲಿ ಬಾತುಕೋಳಿಗಳು ಅವರ ಜೊತೆಗೇ ಈಜುತ್ತಾ ಬಂದವು. ಅಕ್ಕ ಹಾಡಿದಳು. ಅವಳಿಗೆ ಹಾಡಲು ಬರುವುದಿಲ್ಲ, ಅದು ಬೇರೆ ಮಾತು. ಹೆದ್ದಾರಿಯಲ್ಲಿ ಎರಡು ದಿನ ಅವಳು ನೋಡಿದ್ದು ಮುಂದಿನ ಚಕ್ರ ಮಾತ್ರ. ಇಲ್ಲಿ ಪ್ರಪಂಚವೇ ಕಾಣುತ್ತಿತ್ತು.

ರೈಲಿನಲ್ಲಿ ಬಯಲು ದಾಟಿದರು. ಕಿಟಕಿಯಾಚೆ ನೆಲ ಬಿಸಿಲಿಗೆ ನಡುಗುತ್ತಿತ್ತು. ಅಕ್ಕ ರಸ್ಕು ಕಡಿಯುತ್ತಾ ನೋಡಿ, "ಇದರಲ್ಲಿ ಸೈಕಲ್ ಹೊಡೀತೀನಿ ಅಂದವಳಿಗೆ ಬುದ್ಧಿ ನೆಟ್ಟಗಿತ್ತಾ?" ಅಂತ ತನ್ನನ್ನೇ ಕೇಳಿಕೊಂಡಳು.

ಹೊತ್ತು ಇಳಿಯುವಾಗ, ಗಂಟೆ ಬಾರಿಸಿಕೊಂಡು ಇಬ್ಬರೂ ತಮ್ಮನ ಅಂಗಳಕ್ಕೆ ಬಂದರು. ದೋಣಿಯ ಅಂಚಿಗೆ ಬಣ್ಣ ಬಳಿಯುತ್ತಿದ್ದ ತಮ್ಮ ತಲೆ ಎತ್ತಿ, "ಯಾರು ಬೇಕಿತ್ತಮ್ಮ?" ಅಂದ. ಗಿಡ್ಡ ಕೂದಲಿನ ಹೆಂಗಸು ನಕ್ಕಾಗಲೇ ಅಕ್ಕ ಅಂತ ಗುರುತು ಹತ್ತಿದ್ದು. ಕುಂಚ ಕೈಯಲ್ಲಿರುವಂತೆಯೇ ಬಂದು ತಬ್ಬಿಕೊಂಡ. ಅಕ್ಕನ ಬೆನ್ನಿಗೆ ನೀಲಿ ಬಣ್ಣ ಆಯಿತು.

ಊಟಕ್ಕೆ ಕೂತಾಗ ತಮ್ಮ ಮಾರನೇ ದಿನದ ಏರ್ಪಾಡು ಹೇಳಿದ. "ಕಡಲ ನೀರು ಉಬ್ಬಿ ಭರತ ಏರೋದು ನಡು ಮಧ್ಯಾಹ್ನಕ್ಕೆ. ಆ ಹೊತ್ತಿಗೆ ಎಲ್ಲರೂ ಹಗ್ಗ ಹಿಡಿದು ಮರಳಿನ ಮೇಲೆ ದೋಣಿ ಎಳೀತೀವಿ."

"ಉರಿಬಿಸಿಲಲ್ಲಾ?" ಅಂದಳು ಅಕ್ಕ.

"ನಾವು ಕಡಲ ಮೇಲೆ ಬಿಸಿಲು ಕುಡಿದು ಬೆಳೆದೋರು ಅಕ್ಕ. ನಮಗೇನಾಗುತ್ತೆ?"

ಪುಟ್ಟಿ ತಟ್ಟೆ ನೋಡುತ್ತಾ ನಗು ತಡೆದುಕೊಂಡಳು. ಅಕ್ಕ ತಟ್ಟೆ ಪಕ್ಕಕ್ಕೆ ಸರಿಸಿದಳು. ಸೇತುವೆ ಕೆಳಗೆ ಮಲಗಿದ್ದು, ಸುಡುಬಿಸಿಲಿನಲ್ಲಿ ಚಳಿ ಹತ್ತಿದ್ದು, ಒಂದನ್ನೂ ಮುಚ್ಚಿಡದೆ ಹೇಳಿದಳು. ತಮ್ಮನ ಹೆಂಡತಿ ಅವಳ ಕೈ ಹಿಡಿದುಕೊಂಡಳು.

"ನೀರು ಬರೋ ಹೊತ್ತು ನಮ್ಮ ಕೈಲಿಲ್ಲ, ಒಪ್ಪಿದೆ," ಅಂದಳು ಅಕ್ಕ. "ಎಳೆಯೋ ಹೊತ್ತು ನಮ್ಮ ಕೈಲಿದೆಯಲ್ಲ? ಬೆಳಗ್ಗೆ ನೀರು ಹಿಂದೆ ಸರಿದಿರುತ್ತೆ. ತಂಪಲ್ಲೇ ದೋಣಿನ ಎಳೆದು, ಮಧ್ಯಾಹ್ನ ನೀರು ಎಲ್ಲಿವರೆಗೆ ಬರುತ್ತೋ ಅಲ್ಲಿ ನಿಲ್ಲಿಸೋಣ. ಲಂಗರು ಹಾಕಿ ಕಟ್ಟೋಣ. ಆಮೇಲೆ ನಾವು ಯಾಕೆ ಎತ್ತಬೇಕು? ಕಡಲೇ ಬಂದು ಎತ್ತಲಿ."

ತಮ್ಮ ತನ್ನ ಹೆಂಡತಿಯ ಮುಖ ನೋಡಿದ. ಅವಳು, "ನಾನು ಹೇಳಿದ್ರೆ ಕೇಳ್ತಿರಲಿಲ್ಲ, ಅಕ್ಕ ಹೇಳಿದ್ದಾದ್ರೂ ಕೇಳಿ," ಅಂದಳು.

ಹಾಗೇ ಆಯಿತು. ಬೆಳಗಿನ ಜಾವದಲ್ಲಿ, ಮರಳು ಇನ್ನೂ ತಣ್ಣಗಿರುವಾಗ, ಬಡಗಿಗಳು, ನೆರೆಹೊರೆಯವರು ಸೇರಿ ದುಂಡು ದಿಮ್ಮಿಗಳ ಮೇಲೆ ದೋಣಿ ಉರುಳಿಸಿದರು. ಪುಟ್ಟಿ ಎಲ್ಲರಿಗೂ ನೀರು ಕೊಡುತ್ತಾ ಓಡಾಡಿದಳು. ಡಾಕ್ಟರ ಮಾತಿನಂತೆ ಅಕ್ಕ ಹಗ್ಗ ಮುಟ್ಟಲಿಲ್ಲ, ಎಳೆಯುವವರಿಗೆ ತಾಳ ಹೇಳಿಕೊಟ್ಟಳು. ಬಿಸಿಲು ಏರುವಷ್ಟರಲ್ಲಿ ಕೆಲಸ ಮುಗಿದು, ಎಲ್ಲರೂ ದೋಣಿ ಕಟ್ಟುವ ಚಪ್ಪರದ ಕೆಳಗೆ ಕಾಲು ಚಾಚಿ ಕೂತಿದ್ದರು.

ನಡು ಮಧ್ಯಾಹ್ನ ನೀರು ಬಂತು. ಮೊದಲು ದೋಣಿಯ ಅಡಿಯನ್ನು ನೆಕ್ಕಿತು. ಆಮೇಲೆ ಪಕ್ಕಗಳನ್ನು ತಟ್ಟಿತು. ಎಲ್ಲರೂ ಉಸಿರು ಹಿಡಿದು ನೋಡುತ್ತಿರುವಾಗ, ಯಾರೂ ಬೆರಳು ತಾಗಿಸದೆ, ನೀಲಿ ದೋಣಿ ಒಮ್ಮೆ ಮೈ ಅಲುಗಿಸಿ, ನೆಲ ಬಿಟ್ಟು ತೇಲಿತು. ಅಕ್ಕನ ಹೆಗಲ ಮೇಲೆ ತಲೆ ಇಟ್ಟು ತಮ್ಮ ಚಿಕ್ಕ ಮಗುವಿನ ಹಾಗೆ ನಕ್ಕ.

ಅಕ್ಕ ಊರಿಗೆ ಪೂರ್ತಿ ರೈಲಿನಲ್ಲೇ ವಾಪಸು ಬಂದಳು, ಬೇಕರಿಗೆ ಬಂದವರಿಗೆಲ್ಲ ಅದನ್ನು ತಾನಾಗಿಯೇ ಹೇಳಿದಳು. ಈಗ ಬೇಸಿಗೆಯಲ್ಲಿ ಅವರ ಬೇಕರಿಯ ಒಲೆ ಹೊತ್ತು ಏರುವ ಮೊದಲೇ ಆರುತ್ತದೆ. ಕೆಲಸದವರಿಗೆ ನಡುಹಗಲು ಬಿಡುವು. ಗಂಡನೇ ಬಾಗಿಲಲ್ಲಿ ದಾರಿಹೋಕರಿಗೆ ನೀರಿನ ಕೊಡ ಇಡುತ್ತಾನೆ.

ಓದಿದಿರಲ್ಲ, ಈಗ ನಿಮ್ಮ ಮಾತಿಗೆ ಬರೋಣ. ನೀವು ಸೈಕಲ್ ಸವಾರಿಗೇ ಹೊರಡಿ, ಹೊಲಕ್ಕೆ, ಸಂತೆಗೆ, ಕಟ್ಟಡದ ಕೆಲಸಕ್ಕೇ ಹೊರಡಿ. ಬಿಸಿಲಿನ ದಿನ ಹನ್ನೊಂದರಿಂದ ನಾಲ್ಕರವರೆಗೆ ಆದಷ್ಟೂ ನೆರಳಲ್ಲಿರಿ. ಬಾಯಾರುವ ಮೊದಲೇ ನೀರು ಕುಡಿಯಿರಿ. ತುಂಬ ಬೆವರಿದರೆ ಅದಕ್ಕೆ ಉಪ್ಪು, ಸಕ್ಕರೆಯೂ ಸೇರಲಿ. ತಲೆ ಸಿಡಿದರೆ, ಸುತ್ತಿದರೆ, ಸೆಕೆಯಲ್ಲಿ ಚಳಿ ಅನ್ನಿಸಿದರೆ ಅಲ್ಲೇ ನಿಲ್ಲಿ. ಜೊತೆಗಿರುವವರು ತೊದಲಿದರೆ, ಎಚ್ಚರ ತಪ್ಪಿದರೆ ಮೈಗೆ ನೀರು ಸುರಿದು ಗಾಳಿ ಬೀಸುತ್ತಾ ಕೂಡಲೇ ಆಂಬುಲೆನ್ಸ್ ಕರೆಯಿರಿ. ನಾಳೆ ಎಲ್ಲಿಗೋ ಹೊರಡುವವರಿದ್ದೀರಾ? ಹಾಗಿದ್ದರೆ ಇವತ್ತೇ ಮನೆಯವರ ಜೊತೆ ಕೂತು ಮಾತಾಡಿ, ಹೊರಡುವ ಹೊತ್ತನ್ನು ಬೆಳಗಿನ ತಂಪಿಗೆ ಸರಿಸಿಕೊಳ್ಳಿ. ಹೋಗುವ ಕಡೆಗೆ ಒಂದು ದಿನ ತಡವಾದರೂ ಪರವಾಗಿಲ್ಲ, ನಿಮಗಾಗಿ ಕಾಯುವವರು ಕಾಯುತ್ತಾರೆ.